ಮೇ ತಿಂಗಳ ಕೆಡ್ಡಸ

ನಂತೂರಿನಿಂದ ಇಳಿದು ಬರುವ ಓಣಿಯ ಕೊನೆಯಲ್ಲಿ ನಮ್ಮ ಮೂವತ್ತು ಸೆಂಟ್ಸ್ ಜಾಗ ಇದೆ. ಹೆದ್ದಾರಿಯ ಲಾರಿಗಳ ಸದ್ದು ತೋಟದ ಎಲೆಗಳನ್ನೆಲ್ಲ ದಾಟಿ ಬರುವಷ್ಟರಲ್ಲಿ ಮೆತ್ತಗಾಗಿರುತ್ತದೆ. ಬೆಳಗಿನ ಅರೆನಿದ್ದೆಯಲ್ಲಿ ಎಷ್ಟೋ ಸಲ ನಾನು ಪಣಂಬೂರಿನ ಕಡಲತೀರದ ಮರಳಿನ ಮೇಲೆ ಮಲಗಿದ್ದೇನೆ ಅಂದುಕೊಂಡದ್ದುಂಟು. ಕಿಟಕಿ ತೆರೆದರೆ ಜೀಗುಜ್ಜೆ ಮರದ ಅಗಲದ ಎಲೆಗಳು, ಅದರ ಪಕ್ಕ ನುಗ್ಗೆ, ಅಂಬಟೆ, ಬಾಳೆ, ಆಚೆ ಬಸಳೆಯ ಚಪ್ಪರ, ನೆರಳಿನಲ್ಲಿ ಅರಶಿನ ಮತ್ತು ಶುಂಠಿ. ಒಂದು ಗಿಡ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ಈಗಲೂ ನನಗೆ ಹೇಳಲು ಬರುವುದಿಲ್ಲ.

ಇದೆಲ್ಲ ನನ್ನ ಅತ್ತೆ, ಅಂದರೆ ಗಂಡನ ತಾಯಿ, ನೆಟ್ಟದ್ದು. ನಾನು ಬ್ಯಾಂಕಿನ ಕೆಲಸದವಳು, ಮದುವೆಯಾಗಿ ಬಂದಾಗ ಒಂದೊಂದು ಜಾತಿಯನ್ನು ಒಂದೊಂದು ಸಾಲಿನಲ್ಲಿ ನೆಡಬೇಕೆಂದು ವಾದಿಸಿದ್ದೆ. ಒಂದೇ ಮನೆಯವರನ್ನು ಒಂದೇ ಕೋಣೆಯಲ್ಲಿ ಮಲಗಿಸಿದರೆ ಒಬ್ಬರಿಗೆ ಶೀತವಾದಾಗ ಎಲ್ಲರೂ ಸೀನುತ್ತಾರೆ ಎಂದು ಅವರು ನಕ್ಕಿದ್ದರು. ಆಮೇಲೆ ಒಂದು ವರ್ಷ ಶುಂಠಿ ಕೊಳೆಯಿತು, ಕೆಸು ನಮ್ಮನ್ನು ಸಾಕಿತು. ಇನ್ನೊಂದು ವರ್ಷ ಗಾಳಿಗೆ ಬಾಳೆ ಮಲಗಿತು, ನೆಲದೊಳಗಿನ ಸುವರ್ಣಗಡ್ಡೆಗೆ ಅದು ಗೊತ್ತೇ ಆಗಲಿಲ್ಲ. ನಾನು ಸೋತೆ ಎಂದು ಬಾಯಿಬಿಟ್ಟು ಹೇಳಲಿಲ್ಲ, ಸುಮ್ಮನೆ ಹಾರೆ ಹಿಡಿದೆ.

ಅತ್ತೆ ತಪ್ಪದೆ ಪಾಲಿಸುತ್ತಿದ್ದದ್ದು ಕೆಡ್ಡಸ. ಫೆಬ್ರವರಿಯಲ್ಲಿ ಮೂರು ದಿನ ಭೂಮಿ ಮುಟ್ಟಾಗುತ್ತಾಳೆ ಎಂಬುದು ನಮ್ಮ ತುಳುವರ ನಂಬಿಕೆ. ಆ ದಿನಗಳಲ್ಲಿ ಅಗೆಯಬಾರದು, ಹಸಿರು ಕಡಿಯಬಾರದು. ಕೊನೆಗೆ ತುಳಸಿಕಟ್ಟೆಯ ಬುಡದಲ್ಲಿ ನೆಲಕ್ಕೆ ಎಣ್ಣೆ ಎರೆದು, ಅರಶಿನ ಕುಂಕುಮ ಇಟ್ಟು ಅವಳನ್ನು ಮೀಯಿಸಿದ ಮೇಲೆಯೇ ಕೆಲಸ. ನನಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಆದರೆ ಬೆನ್ನಿಗೆ ಮೂರು ದಿನ ರಜೆ ಸಿಕ್ಕಿದರೆ ಯಾರು ಬೇಡ ಅನ್ನುತ್ತಾರೆ.

ಅತ್ತೆಯ ನೆನಪು ಎರಡು ವರ್ಷದಿಂದ ಸೋರುತ್ತಾ ಬಂದಿದೆ. ಹೋದ ಮೇ ತಿಂಗಳಲ್ಲಿ, ಗಡ್ಡೆಗಳನ್ನು ನೆಡಲು ನಾನು ಹಾರೆ ಎತ್ತಿದ ಹೊತ್ತಿಗೆ ಅವರು ಅಂಗಳಕ್ಕೆ ಓಡಿ ಬಂದು ನನ್ನ ಕೈ ಹಿಡಿದರು. ಇವತ್ತು ಕೆಡ್ಡಸ, ಅವಳಿಗೆ ಕಬ್ಬಿಣ ತಾಗಿಸಬೇಡ ಎಂದು ಅತ್ತರು. ಕೆಡ್ಡಸ ಕಳೆದು ಮೂರು ತಿಂಗಳಾಯಿತು ಎಂದರೆ ಕೇಳಲಿಲ್ಲ. ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ. ಬುಟ್ಟಿಯಲ್ಲಿ ಕೆಸು, ಸುವರ್ಣಗಡ್ಡೆ ಎಲ್ಲ ಮೊಳಕೆ ಒಡೆದು ಸೊರಗುತ್ತಿದ್ದವು. ಮೇ ಕೊನೆಯಲ್ಲಿ ಬರುವ ಪತ್ತನಾಜೆಗೆ ಹತ್ತು ಹನಿ ಮಳೆ ಎಂಬ ಮಾತು ನಮ್ಮಲ್ಲಿ ಉಂಟು, ಆ ಹನಿಗಳೂ ಬಿದ್ದಾಗಿತ್ತು. ಇನ್ನೊಂದು ವಾರ ಹೋದರೆ ಅತ್ತೆ ನಲವತ್ತು ವರ್ಷ ಕಾಪಾಡಿಕೊಂಡು ಬಂದ ಬೀಜದ ಗಡ್ಡೆಗಳು ಬುಟ್ಟಿಯಲ್ಲೇ ಮುಗಿಯುತ್ತಿದ್ದವು.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಐದನೆಯ ದಿನ, "ನಿಮ್ಮ ತಲೆ ಸರಿ ಇಲ್ಲ, ಒಳಗೆ ಹೋಗಿ" ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅತ್ತೆ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದರು, ಮಧ್ಯಾಹ್ನದ ಗಂಜಿ ಮುಟ್ಟಲಿಲ್ಲ. ಅಂಗಳ ಖಾಲಿ ಇತ್ತು, ತಡೆಯುವವರು ಯಾರೂ ಇರಲಿಲ್ಲ. ಆದರೂ ಹಾರೆ ಎತ್ತಲು ನನ್ನಿಂದ ಆಗಲಿಲ್ಲ. ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ಸಂಜೆ ಅವರನ್ನು ಎಬ್ಬಿಸಿ, ಇವತ್ತು ಕೆಡ್ಡಸದ ಕೊನೆಯ ದಿನ, ಮೀಯಿಸುವುದು ಬಾಕಿ ಉಂಟು ಎಂದೆ. ಅತ್ತೆ ಕಣ್ಣರಳಿಸಿ ಎದ್ದು ಕೂತರು. ತುಳಸಿಕಟ್ಟೆಯ ಬುಡದಲ್ಲಿ ತೆಂಗಿನೆಣ್ಣೆ ಎರೆದರು, ಮಗುವಿನ ನೆತ್ತಿಗೆ ಹಚ್ಚುವ ಹಾಗೆ ಮಣ್ಣಿಗೆ ಹಚ್ಚಿದರು. ಹೊಂಬಿಸಿಲು ಜೀಗುಜ್ಜೆಯ ಎಲೆಗಳಿಂದ ಇಳಿದು ಆ ಎಣ್ಣೆಯ ಮೇಲೆ ನಿಂತಿತ್ತು. ಆಮೇಲೆ ಅವರೇ ಹಾರೆ ತೋರಿಸಿ, "ಇನ್ನು ಅಗೆ" ಎಂದರು.

ಮರುದಿನ ಬೆಳಿಗ್ಗೆ ಅವರಿಗೆ ಪುನಃ ಕೆಡ್ಡಸ. ನಾನು ಪುನಃ ಎಣ್ಣೆಯ ಗಿಂಡಿ ತಂದೆ. ನೆಟ್ಟು ಮುಗಿಯುವ ತನಕ ದಿನಾ ಭೂಮಿಗೆ ಸ್ನಾನ ಮಾಡಿಸಿ, ದಿನಾ ಎರಡೆರಡು ಗುಂಡಿ ಅಗೆದೆ. ಪಕ್ಕದ ಮನೆಯ ಬ್ಯಾರಿ ಮುಸ್ಲಿಂ ಗೆಳತಿ ಕಂಪೌಂಡಿನ ಆಚೆಯಿಂದ ಇಣುಕಿ, ಇವತ್ತೂ ಹಬ್ಬವಾ ಮಾರಾಯ್ತಿ ಎಂದು ತಮಾಷೆ ಮಾಡುತ್ತಿದ್ದಳು. ಒಂದು ದಿನ ತಾನೇ ಎಣ್ಣೆಯ ಬಾಟಲಿ ದಾಟಿಸಿದಳು. ಆ ದಿನಗಳಿಗೆ ತಾರೀಕು ಇರಲಿಲ್ಲ. ಅಷ್ಟು ಸಮಾಧಾನವಾಗಿ ನಾನು ಯಾವತ್ತೂ ಮಣ್ಣಿನ ಕೆಲಸ ಮಾಡಿದವಳಲ್ಲ. ಮಳೆ ಹಿಡಿದ ಮೇಲೆ ಗಡ್ಡೆಗಳೆಲ್ಲ ಚಿಗುರಿದವು.

ಈ ವರ್ಷ ಫೆಬ್ರವರಿಯಲ್ಲಿ ನಿಜವಾದ ಕೆಡ್ಡಸ ಬಂತು. ಎರಡನೆಯ ದಿನ ಬೆಳಿಗ್ಗೆ ಹೊರಗೆ ಬಂದು ನೋಡಿದರೆ ಅತ್ತೆ ಬಸಳೆಯ ಬುಡದಲ್ಲಿ ಕೂತು ಕತ್ತಿಯಿಂದ ನೆಲ ಕೆರೆಯುತ್ತಿದ್ದರು. ಓಡಿ ಹೋಗಿ ಅವರ ಕೈ ಹಿಡಿದೆ.

"ಅತ್ತೆ, ಇವತ್ತು ಕೆಡ್ಡಸ."

"ಹಾಗೆಂದ್ರೆ ಎಂತ ಮಗಾ?"

ಒಂದು ಸಲ, ಒಂದೇ ಒಂದು ಸಲ, ಅವರು ನನ್ನನ್ನು ತಡೆದು ಅಳಬಾರದಾ ಅನ್ನಿಸಿತು. ಅವರ ಪಕ್ಕದಲ್ಲಿ ಕೂತು, ಭೂಮಿಗೆ ಮೂರು ದಿನ ವಿಶ್ರಾಂತಿ, ಯಾರೂ ನೋಯಿಸಬಾರದು ಎಂದು ಹೇಳಿದೆ. ಅವರು ಕೈಗೆ ಅಂಟಿದ ಮಣ್ಣನ್ನು ನೋಡಿಕೊಂಡರು.

"ಮೊದಲೇ ಹೇಳ್ಬಾರ್ದಿತ್ತಾ, ನಾನು ಅಗೆದುಬಿಟ್ಟೆ" ಎಂದರು. ಕೆರೆದ ಮಣ್ಣನ್ನೆಲ್ಲ ಗುಂಡಿಗೆ ತುಂಬಿ ಅಂಗೈಯಿಂದ ಮೆಲ್ಲಗೆ ತಟ್ಟತೊಡಗಿದರು.