ಡೊಂಬಿವಲಿಯಲ್ಲಿ ಕುಸಿದ ಅಪ್ಪನ ಶ್ವಾಸಕೋಶ

ಗೆಳೆಯರೇ, ನಮ್ಮ ಅಪ್ಪನ ಹಳೆಯ ಸಾಹಸಕಥೆಯೊಂದನ್ನು ಇವತ್ತು ಖಾರಘರದ ಡಾಕ್ಟರಮ್ಮ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು.

ಈ ವರ್ಷ ನನ್ನ ಶ್ವಾಸಕೋಶ ಎರಡು ಸಲ ಕುಸಿದಿತ್ತು. ವಂಶದಿಂದ ಬಂದ ಕಾಯಿಲೆ ಎಂದು ಜೀನ್ ಟೆಸ್ಟ್ ಹೇಳಿದ್ದರಿಂದ ಅಪ್ಪನನ್ನೂ ಕರೆಸಿದ್ದರು. "ನಿಮಗೂ ಹೀಗೆ ಆಗಿತ್ತಾ ಕಾಕಾ?" ಎಂದು ಡಾಕ್ಟರಮ್ಮ ಕೇಳಿದ್ದೇ ತಡ, ಅಪ್ಪ ನೆಟ್ಟಗೆ ಕೂತರು. ಹರೆಯದಲ್ಲಿ ಡೊಂಬಿವಲಿಯಲ್ಲಿ ಹೊರಟ ಲೋಕಲ್ ರೈಲಿನಿಂದ ಜಾರುತ್ತಿದ್ದವನನ್ನು ಒಂದೇ ಕೈಯಲ್ಲಿ ಒಳಗೆಳೆದದ್ದು, ಆ ಎಳೆತಕ್ಕೇ ಶ್ವಾಸಕೋಶ ಕುಸಿದು ಸಂಜೆ ಉಸಿರು ಕಟ್ಟಿ ಆಸ್ಪತ್ರೆ ಸೇರಿದ್ದು, ಎಲ್ಲವನ್ನೂ ಹಿಂದಿಯಲ್ಲಿ ಬಣ್ಣಿಸಿದರು.

ಡಾಕ್ಟರಮ್ಮ ಅಪ್ಪನ ಸ್ಕ್ಯಾನ್ ನೋಡಿದರು. ಇದೇ ಕಾಯಿಲೆಯ ಗುರುತಾದ, ನಮ್ಮಿಬ್ಬರ ಮೂಗಿನ ಮೇಲಿನ ಸಣ್ಣ ಬಿಳಿ ಗುಳ್ಳೆಗಳನ್ನೂ ನೋಡಿದರು. "ಎಳೆದದ್ದಕ್ಕೆ ಆದದ್ದಲ್ಲ ಕಾಕಾ. ನಿಮ್ಮ ಶ್ವಾಸಕೋಶದಲ್ಲೂ ಗಾಳಿಗುಳ್ಳೆಗಳಿವೆ. ಅವು ಸುಮ್ಮನೆ ಕೂತಿದ್ದರೂ ಒಡೆಯುತ್ತವೆ."

"ಹಾಗಾದ್ರೆ ನಾನು ಎಳೆದದ್ದು ಸುಳ್ಳಾ?"

"ಎಳೆದದ್ದು ನಿಜವೇ ಇರಬಹುದು. ಕಾರಣ ಮಾತ್ರ ಅದಲ್ಲ."

ಈ ಕಾಯಿಲೆಯವರ ಕಿಡ್ನಿಯನ್ನೂ ನೋಡಬೇಕಂತೆ. ಇಬ್ಬರದ್ದೂ ಚೆನ್ನಾಗಿದೆ ಎಂದಾಗ ನನ್ನ ಜೀವ ಹಗುರವಾಯಿತು. ಅಪ್ಪ ಮಾತ್ರ ನೆರುಳ್ ದಾಟುವವರೆಗೂ ರೈಲಿನಲ್ಲಿ ತಮ್ಮ ಸ್ಕ್ಯಾನನ್ನೇ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಕಾಯಿಲೆ ತಮ್ಮಿಂದ ಮಗಳಿಗೆ ಬಂತೆಂದು ಕೊರಗುತ್ತಿದ್ದಾರೆ ಎಂದುಕೊಂಡು ಅವರ ಕೈ ಹಿಡಿದೆ.

"ಅಲ್ಲ ಮಗಾ," ಎಂದರು, "ಗಟ್ಟಿ ಇದ್ದವರು ಎಳೆದ್ರೆ ಅದೆಂತ ದೊಡ್ಡ ವಿಷಯ? ಇಂಥಾ ಶ್ವಾಸಕೋಶ ಇಟ್ಕೊಂಡು ಎಳೆದದ್ದಲ್ವಾ ನಾನು?"

ಕೋಪರಖೈರಣೆಯ ಮನೆಗೆ ಬಂದು ಅಪ್ಪ ಆ ಕಥೆಯನ್ನು ಅಮ್ಮನಿಗೆ ಹೇಳುವಷ್ಟರಲ್ಲಿ, ರೈಲಿನಿಂದ ಜಾರಿದ್ದ ಆ ಮನುಷ್ಯ ಮೊದಲಿಗಿಂತ ಬಹಳ ದಪ್ಪಗಾಗಿದ್ದ.