ಚಢಾಯಿಯಲ್ಲಿ ಇಳಿದವಳು

"ಮೇಡಂ, ನೀವು ಸ್ವಲ್ಪ ಇಳಿಯಿರಿ. ಗಾಡಿ ಹತ್ತುತ್ತಿಲ್ಲ."

ಉತ್ತರಾಖಂಡದ ಬೆಟ್ಟದ ಶಾಲೆಯೊಂದಕ್ಕೆ ಗಣಿತ ಹೇಳಿಕೊಡಲು ಹೋದ ಮೊದಲ ದಿನವೇ ಕೇಳಿದ ಮಾತಿದು. ಹೇಳಿದವರು ಸಹೋದ್ಯೋಗಿ ನೇಗಿ ಸರ್. ಅವರ ಪುಟ್ಟ ಎಸ್‌ಯುವಿಯಲ್ಲಿ, ಅದೇ ಶಾಲೆಯಲ್ಲಿ ಕಲಿಸುವ ಅವರ ಹೆಂಡತಿಯೂ ಸೇರಿ, ನಾವು ಐದು ಜನ. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ತಳ ಕಾಣದ ಪ್ರಪಾತ. ಜಲ್ಲಿಯ ಮೇಲೆ ಚಕ್ರ ಸುಮ್ಮನೆ ಸುತ್ತುತ್ತಿತ್ತು, ಕ್ಲಚ್ಚು ಸುಟ್ಟ ವಾಸನೆ ಒಳಗೆಲ್ಲ ತುಂಬಿತ್ತು. ನಾನು ಇಳಿದೆ. ಹಗುರಾದ ಗಾಡಿ ಏದುಸಿರು ಬಿಡುತ್ತ ತಿರುವು ದಾಟಿ ಹೋಯಿತು. ಉಳಿದ ದಾರಿಯನ್ನು ನಡೆದೆ.

ನಮ್ಮ ನಾಗಮಂಗಲದಲ್ಲಿ ಯಾರಾದರೂ ಕಾರು ಕೊಂಡರೆ ಮೊದಲು ಕೇಳುವುದು ಮೈಲೇಜು. ಎಂಜಿನ್ನಿನ ಶಕ್ತಿಯ ಯೋಚನೆ ಯಾರಿಗೂ ಬರುವುದಿಲ್ಲ. ನನ್ನ ತಮ್ಮ ಶಿವು ಅಂಥದೇ ಗಾಡಿಯಲ್ಲಿ ಮನೆಮಂದಿಯನ್ನೆಲ್ಲ ತುರುಕಿಕೊಂಡು, ಡಿಕ್ಕಿಗೆ ತೆಂಗಿನಕಾಯಿ ಮೂಟೆ ಹಾಕಿಕೊಂಡು ಕೆ.ಆರ್. ಪೇಟೆಗೆ ಹೋಗಿಬರುತ್ತಾನೆ. ಈ ಬೆಟ್ಟಗಳಲ್ಲಿ ಕಡಿದಾದ ಏರಿಗೆ 'ಚಢಾಯಿ' ಎನ್ನುತ್ತಾರೆ. ಮೇಲೆ ಹೋದಷ್ಟೂ ಗಾಳಿ ತೆಳು. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಚಿಕ್ಕ ಪೆಟ್ರೋಲ್ ಎಂಜಿನ್ನಿಗೂ ನಮ್ಮಂತೆಯೇ ಉಸಿರು ಸಾಲದು.

ದಿನವೂ ನಾನೇ ಇಳಿದೆ. ನನಗಿಂತ ಎರಡು ಪಟ್ಟು ದಪ್ಪಗಿದ್ದ ಇಂಗ್ಲಿಷ್ ಮೇಷ್ಟ್ರು ಕೂತೇ ಇರುತ್ತಿದ್ದರು.

ಫೋನಿನಲ್ಲಿ ಶಿವು ರೇಗಿದ: "ಅವ್ನ್ ಗಾಡೀಲಿ ದಮ್ಮಿಲ್ಲ ಅಂದ್ರೆ ಅವ್ನೇ ಇಳ್ದು ತಳ್ಳಲಿ ಕಣಕ್ಕ. ನೀನ್ಯಾಕ್ ಇಳೀತೀಯ?"

"ಎಂಜಿನ್ನು ಚಿಕ್ಕದು ಕಣ್ಲಾ, ಅವ್ರೇನ್ ಮಾಡಾರು?" ಎಂದೆ. ಹಾಗೆಂದೇ ನಂಬಿದ್ದೆ.

ಚಳಿಗಾಲದಲ್ಲಿ ಬಾಡಿಗೆ ಕೋಣೆಯ ನಲ್ಲಿಯಲ್ಲಿ ನೀರು ಹೆಪ್ಪುಗಟ್ಟುತ್ತಿತ್ತು. ವಾರಗಟ್ಟಲೆ ಕನ್ನಡದ ಒಂದು ಮಾತೂ ಕಿವಿಗೆ ಬೀಳುತ್ತಿರಲಿಲ್ಲ. ಅಂಗಡಿಯಲ್ಲಿ 'ಮಂಡುವಾ' ಎಂದು ಮಾರುವುದು ನಮ್ಮ ರಾಗಿಯೇ ಎಂದು ತಿಳಿದ ದಿನ ಮುದ್ದೆ ಕಟ್ಟಿ ನೇಗಿಯವರ ಹೆಂಡತಿಗೂ ಬಡಿಸಿದೆ. ಆಕೆ ಅಗಿಯಲು ಹೋದರು; ನುಂಗುವುದು ಹೇಗೆಂದು ತೋರಿಸಿದೆ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಗೆಳತಿ ಸಿಕ್ಕಳೆಂದುಕೊಂಡೆ.

ಮಳೆಗಾಲ ಕಳೆದ ಮೇಲೆ ನೇಗಿ ಸರ್ ಟರ್ಬೊ ಡೀಸೆಲ್ ಗಾಡಿ ತಂದರು. ನಮ್ಮ ಕಡೆಯ ಪದ್ಧತಿಯಂತೆ ಚಕ್ರದಡಿ ನಿಂಬೆಹಣ್ಣು ಇಟ್ಟವಳು ನಾನೇ. ಇನ್ನು ಯಾರೂ ಇಳಿಯಬೇಕಾಗಿಲ್ಲ ಎಂಬ ಖುಷಿ ಅವರಿಗಿಂತ ನನಗೇ ಹೆಚ್ಚಿತ್ತು.

ಸೋಮವಾರ ಎಂದಿನಂತೆ ರಸ್ತೆಗೆ ಬಂದು ನಿಂತೆ. ನನ್ನ ಜಾಗದಲ್ಲಿ ನೇಗಿಯವರ ನಾದಿನಿ ಕೂತಿದ್ದಳು. ಶಾಲೆಗೆ ಹೊಸದಾಗಿ ಸೇರಿದ್ದಳಂತೆ. ನೇಗಿ ಸರ್ ಕಿಟಕಿ ಇಳಿಸಿದರು.

"ಮೇಡಂ, ನಿಮಗೆ ಹೇಗೂ ನಡೆಯೋದು ಇಷ್ಟ ಅಲ್ವಾ?"

"ಇಷ್ಟ ಅಂತ ಇಳೀತಿರಲಿಲ್ಲ ಸರ್. ನಿಮ್ಮ ಗಾಡಿಗೆ ಕಷ್ಟ ಅಂತ ಇಳೀತಿದ್ದೆ."

ಅವರು ನಕ್ಕರು. ಅವರ ಹೆಂಡತಿ ತಲೆ ತಗ್ಗಿಸಿ ಕೈಚೀಲದಲ್ಲಿ ಏನೋ ಹುಡುಕತೊಡಗಿದರು. ಐದು ಜನರನ್ನು ಹೊತ್ತ ಗಾಡಿ ಒಂದಿಷ್ಟೂ ತಿಣುಕದೆ ಏರಿ ಹೋಯಿತು. ದಿನವೂ ನನ್ನನ್ನೇ ಇಳಿಸುತ್ತಿದ್ದದ್ದು ಎಂಜಿನ್ನಲ್ಲ. ಅಂದಿನಿಂದ ಇಡೀ ದಾರಿ ನಡೆಯುತ್ತೇನೆ.

ಬೇಸಿಗೆ ರಜೆಗೆ ಊರಿಗೆ ಬಂದಾಗ ಶಿವು ಬಸ್‌ಸ್ಟ್ಯಾಂಡಿಗೆ ಗಾಡಿ ತಂದಿದ್ದ. ಊರಾಚೆ ಬಂದದ್ದೇ ಜೋರಾಗಿ ಓಡಿಸಿದ.

"ಎಂಗ್ ನುಗ್ತದೆ ನೋಡಕ್ಕ!"

"ಇಲ್ಲಿ ಏರೇ ಇಲ್ವಲ್ಲ, ನುಗ್ದೆ ಏನ್ ಮಾಡ್ತದೆ? ನಮ್ ಕಡೆ ತಂದು ಹತ್ಸು ನೋಡಾನ."

ಅವನ ಮುಖ ಸಣ್ಣದಾಯಿತು. "ನಮ್ ಕಡೆ ಅಂದ್ರೆ ಯಾವ್ದಕ್ಕ? ನೀನು ಅಲ್ಲಿಯೋಳೇ ಆಗೋಗ್ಬುಟ್ಟೆ ಬುಡು."

ಅಲ್ಲಿ ಇದುವರೆಗೆ ಒಬ್ಬರೂ ನನ್ನನ್ನು ಅಲ್ಲಿಯವಳು ಎಂದಿಲ್ಲ.