ಹುಳಿಯಾಗುವ ಸಮುದ್ರ, ನಕ್ಕ ತಮ್ಮ

ರೋಣದ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ; ನಮ್ಮ ಕಡೆ ಟೀಚರಿಗೆ ಅಕ್ಕಾರು ಎನ್ನುತ್ತಾರೆ. ಸಮುದ್ರ ಹುಳಿಯಾಗುತ್ತಿದೆ ಎಂದು ಪಾಠ ಮಾಡಿದ ದಿನದಿಂದ ಸ್ಟಾಫ್ ರೂಮಿನಲ್ಲಿ ನನ್ನ ಹೆಸರೇ ಹುಳಿ ಅಕ್ಕಾರು ಎಂದಾಯಿತು. "ಅಕ್ಕಾರ, ಸಮುದ್ರದ ನೀರು ತರಸ್ರಿ, ಸಾರಿಗೆ ಹುಣಸಿಹಣ್ಣು ಉಳೀತೈತಿ" ಎಂದು ಹೆಡ್‌ಮಾಸ್ತರರು ಕಾಲೆಳೆಯುತ್ತಿದ್ದರು. ನಾಲಿಗೆಗೆ ಗೊತ್ತಾಗುವ ಹುಳಿಯಲ್ಲ ಅದು ಎಂದು ಹೇಳಿ ಹೇಳಿ ನನಗೂ ಸಾಕಾಗಿತ್ತು. ನಗುವವರು ನಗಲಿ ಎಂದು ಬಿಟ್ಟೆ.

ಇದನ್ನೆಲ್ಲ ನನಗೆ ಹೇಳಿದವನು ನನ್ನ ತಮ್ಮ. ಅವನು ಕೊಲ್ಲಿ ದೇಶದಲ್ಲಿ ಮುತ್ತಿನ ಚಿಪ್ಪು ಸಾಕುವ ಕಂಪನಿಯೊಂದರಲ್ಲಿ ನೀರು ಪರೀಕ್ಷೆ ಮಾಡುತ್ತಾನೆ. "ಅಕ್ಕಾ, ನಾವು ಬಿಡೋ ಹೊಗಿನೆಲ್ಲಾ ಸಮುದ್ರ ಕುಡೀತೈತಿ, ಅದಕ್ಕ ನೀರು ಹುಳಿ ಆಗಾಕತ್ತೈತಿ. ಮರಿಗಳ ಚಿಪ್ಪು ಗಟ್ಟೀನ ಆಗವಲ್ತು. ಈ ಕೊಲ್ಲಿ ಬಾಯಿ ಸಣ್ಣದು, ಒಳಗಿನ ನೀರು ಲಗೂ ಹೊರಗ ಹೋಗೂದಿಲ್ಲ. ಕೊಣ್ಣೂರ ಹೊಳಿ ಅಲ್ಲ ಇದು, ಕೆರಿ ಇದ್ದಂಗ" ಎಂದು ಫೋನಿನಲ್ಲಿ ಹೇಳುವಾಗ ಅವನ ದನಿ ಕುಗ್ಗುತ್ತಿತ್ತು. ಅದನ್ನೇ ನಾನು ಮಕ್ಕಳಿಗೆ ಬರೆಸಿದ್ದೆ, ನನ್ನ ತಮ್ಮನೇ ಕಣ್ಣಾರೆ ಕಂಡದ್ದು ಎಂದು ಹೆಮ್ಮೆಯಿಂದ ಹೇಳಿದ್ದೆ.

ರಜೆಗೆ ಬಂದಾಗ, "ಸಾಲಿಗೆ ಬಾ, ನಿನ್ನ ಬಾಯಿಂದನ ಹೇಳು" ಎಂದೆ. "ಆತು ಬಿಡವಾ" ಎಂದ.

ಬಂದ. ಹೆಡ್‌ಮಾಸ್ತರರು ಮೊಬೈಲ್ ಹಿಡಿದು ವಿಡಿಯೋ ಮಾಡತೊಡಗಿದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಚಿಪ್ಪು ತೆಳ್ಳಗಾಗಾಕತ್ತಾವಂತಲ್ಲ, ಖರೇನ್ರಿ?" ಎಂದು ಕೇಳಿದಳು. ನನ್ನ ತಮ್ಮ ಹೆಡ್‌ಮಾಸ್ತರರ ಮೊಬೈಲ್ ಕಡೆ ನೋಡಿದ. ಆಮೇಲೆ ನಕ್ಕ.

"ನಮ್ಮಲ್ಲೆ ಎಲ್ಲಾ ಚಲೋ ಐತಿ. ನಿಮ್ಮ ಅಕ್ಕಾರು ಸಮುದ್ರಾನ ನೋಡಿಲ್ಲ, ಅವರಿಗೆ ಹ್ಯಾಂಗ ಗೊತ್ತಾಗಬೇಕು?"

ಇಡೀ ತರಗತಿ ಗೊಳ್ಳೆಂದು ನಕ್ಕಿತು. ಹೆಡ್‌ಮಾಸ್ತರರೂ ನಕ್ಕರು.

ಗೇಟಿನಾಚೆ ಅವನನ್ನು ಹಿಡಿದು ನಿಲ್ಲಿಸಿದೆ. "ಆ ವಿಡಿಯೋ ಕಂಪನಿಯವರ ಕೈಗೆ ಹೋದ್ರ ನನ್ನ ನೌಕರಿ ಹೋಗ್ತೈತಿ" ಎಂದ. ಅಷ್ಟು ಅರ್ಥವಾಗದಷ್ಟು ದಡ್ಡಿಯಲ್ಲ ನಾನು.

"ಗೊತ್ತಿಲ್ಲ ಅನ್ನಬೇಕಿತ್ತು. ಸುಮ್ಮನ ಕುಂದರಬೇಕಿತ್ತು. ಹುಡುಗ್ಯಾರ ಮುಂದ ನನ್ನ ಯಾಕ ಸುಳ್ಳಿ ಮಾಡಿದಿ?"

ಅವನು ಬೈಕ್ ಹತ್ತಿ, ಗಜೇಂದ್ರಗಡದ ಅತ್ತೆಮನೆಗೆ ಹೋದ. ನನ್ನ ಮೈಯೆಲ್ಲ ಉರಿದುಹೋಯಿತು. ಸ್ಟಾಫ್ ರೂಮಿನವರ ನಗೆಯನ್ನು ನುಂಗಿಕೊಂಡಿದ್ದೆ, ಇವನದನ್ನು ಹೇಗೆ ನುಂಗಲಿ?

ಮರುದಿನ ಅದೇ ಹುಡುಗಿ ಪೆನ್ನು ಹಿಡಿದು, "ಅಕ್ಕಾರ, ಚಿಪ್ಪಿನ ಪಾಠ ಕಾಟು ಹೊಡಿಯೂದೇನ್ರಿ?" ಎಂದು ಕೇಳಿದಳು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ಬ್ಯಾಡ. ನಿನ್ನೆ ನನ್ನ ತಮ್ಮ ಸುಳ್ಳು ಹೇಳಿದ" ಎಂದೆ.

ಅವನು ಹುಟ್ಟಿದಂದಿನಿಂದ ಬೇರೆಯವರೆದುರು ಅವನನ್ನು ನಾನು ಬಿಟ್ಟುಕೊಟ್ಟಿರಲಿಲ್ಲ.